ಕೈಗೇ ಕಾಸು ಕೊಟ್ಟರೆ ಕೀನ್ಯಾದ ಬಡ ಕುಟುಂಬ ಏನು ಮಾಡುತ್ತದೆ?

ಪ್ರಶ್ನೆ: ನನ್ನ ಮಗ ಹೊರದೇಶದಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ವರ್ಷ ಸಂಬಳದ ಒಂದು ಪಾಲನ್ನು ಕೀನ್ಯಾದ ಬಡ ಕುಟುಂಬಗಳಿಗೆ ನಗದನ್ನೇ ಕಳಿಸುವ ಸಂಸ್ಥೆಯೊಂದಕ್ಕೆ ಕೊಡುತ್ತಾನೆ. ನಾನು ಹಳ್ಳಿ ಶಾಲೆಗಳಲ್ಲೇ ಮೇಷ್ಟರಾಗಿ ನಿವೃತ್ತನಾದವನು. ದುಡ್ಡು ಕೈಗೆ ಬಂದ ಮನೆಗಳಲ್ಲಿ ಏನಾಗುತ್ತದೆಂದು ಕಂಡಿದ್ದೇನೆ. ಹಸು ಕೊಡಿಸಲಿ, ಶಾಲೆ ಕಟ್ಟಿಸಲಿ, ಕೈಗೆ ಕಾಸು ಕೊಟ್ಟರೆ ಕುಡಿದು ಕಳೆಯುತ್ತಾರೆ ಎಂದರೆ, ‘ಅಪ್ಪಾ, ಅದರ ಬಗ್ಗೆ ಸಂಶೋಧನೆ ಆಗಿದೆ’ ಎನ್ನುತ್ತಾನೆ. ಏನು ಆ ಸಂಶೋಧನೆ? ಒಂದು ಕುಟುಂಬದ ಬದುಕಿನಲ್ಲಿ ನಿಜಕ್ಕೂ ಏನು ಬದಲಾಗುತ್ತದೆ? ನಮ್ಮ ಗೃಹಲಕ್ಷ್ಮಿಗೂ ಇದಕ್ಕೂ ಏನು ವ್ಯತ್ಯಾಸ?
— ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಮಗ ಹೇಳಿದ್ದು ನಿಜ, ಸಂಶೋಧನೆ ಆಗಿದೆ, ಬೇಕಾದಷ್ಟು ಆಗಿದೆ. ಅದು ನಿಮ್ಮ ಅನುಮಾನವನ್ನು ಬಹುಮಟ್ಟಿಗೆ ತಳ್ಳಿಹಾಕುತ್ತದೆ. ಆದರೆ ಮಗನ ಉತ್ಸಾಹಕ್ಕೂ ಅಲ್ಲಲ್ಲಿ ಕಡಿವಾಣ ಹಾಕುತ್ತದೆ. ಎರಡನ್ನೂ ಹೇಳುತ್ತೇನೆ.

ಮೊದಲು ಊರಿನ ಪರಿಚಯ. ಈ ವಿಷಯದಲ್ಲಿ ಅತಿ ಹೆಚ್ಚು ಅಧ್ಯಯನ ನಡೆದಿರುವ ಜಾಗಗಳಲ್ಲಿ ಒಂದು ಕೀನ್ಯಾದ ಸಿಯಾಯಾ ಕೌಂಟಿ. ದೇಶದ ಪಶ್ಚಿಮದಂಚಿನಲ್ಲಿ, ವಿಕ್ಟೋರಿಯಾ ಸರೋವರದ ದಂಡೆಗೆ ಇದೆ. ಅಲ್ಲಿರುವವರಲ್ಲಿ ಹೆಚ್ಚಿನವರು ಲುವೋ ಜನ. ತುಂಡು ಜಮೀನು, ಅದರಲ್ಲಿ ಮುಸುಕಿನ ಜೋಳ, ಒಂದಿಷ್ಟು ಕಾಳು. ಅನುಕೂಲವಿದ್ದವರಿಗೆ ಒಂದೆರಡು ದನ, ಇಲ್ಲದವರಿಗೆ ನಾಲ್ಕು ಕೋಳಿ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ. ಬಿತ್ತಿದ್ದು ಕೈಗೆ ಬರುವ ಮೊದಲಿನ ತಿಂಗಳುಗಳೇ ಕಷ್ಟದ ದಿನಗಳು, ಹಳೆಯ ಜೋಳ ಮುಗಿದಿರುತ್ತದೆ, ಹೊಸದು ಇನ್ನೂ ಹಾಲುಗಾಳು. ಊಟಕ್ಕೆ ಉಗಾಲಿ, ಅಂದರೆ ಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಕೈಯಲ್ಲಿ ಕಾಸಿದ್ದ ದಿನ ಸರೋವರದ ಒಮೆನಾ ಎಂಬ ಪುಟ್ಟ ಮೀನು. ಬಡವರ ಮನೆಗೆ ಮಣ್ಣಿನ ಗೋಡೆ, ಹುಲ್ಲಿನ ಮಾಡು.

ಆ ಹುಲ್ಲಿನ ಮಾಡೇ ಇಲ್ಲಿ ಮುಖ್ಯ. ಹಾರ್ವರ್ಡ್ ಮತ್ತು ಎಂಐಟಿಯ ಕೆಲವು ಅರ್ಥಶಾಸ್ತ್ರ ವಿದ್ಯಾರ್ಥಿಗಳು ಸೇರಿ ಕಟ್ಟಿದ ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ ಈ ಹಳ್ಳಿಗಳಿಗೆ ಹೋದಾಗ, ಯಾರು ಬಡವರೆಂದು ನಿರ್ಧರಿಸಲು ಮಾಡಿನತ್ತ ನೋಡಿತು. ಹುಲ್ಲು ಹೊದಿಸಿದ ಮನೆಯಾದರೆ ಪಟ್ಟಿಗೆ ಸೇರ್ಪಡೆ, ತಗಡು ಇದ್ದರೆ ಇಲ್ಲ. ಆದಾಯ ಪತ್ರ ಬೇಡ, ಮುಖಂಡರ ಶಿಫಾರಸು ಬೇಡ. ಹಣ ಹೋಗುವುದು ಎಂ-ಪೆಸಾದಲ್ಲಿ. ಸಫಾರಿಕಾಮ್ ಕಂಪನಿ 2007ರಲ್ಲಿ ಆರಂಭಿಸಿದ ಈ ಮೊಬೈಲ್ ಹಣದ ವ್ಯವಸ್ಥೆ ಕೀನ್ಯಾದ ಮೂಲೆಮೂಲೆಗೂ ತಲುಪಿದೆ. ಫೋನಿಗೆ ಸಂದೇಶ ಬರುತ್ತದೆ, ಹತ್ತಿರದ ಪೇಟೆಯ ಅಂಗಡಿಯಲ್ಲಿ ಕುಳಿತ ಏಜೆಂಟನ ಬಳಿ ಹೋಗಿ ಗುಪ್ತ ಸಂಖ್ಯೆ ಒತ್ತಿದರೆ ನೋಟು ಕೈಗೆ. ಫೋನ್ ಇಲ್ಲದವರಿಗೆ ಸಂಸ್ಥೆಯೇ ಫೋನ್ ಒದಗಿಸಿ, ಅದರ ಬೆಲೆಯನ್ನು ಬರುವ ಹಣದಲ್ಲಿ ಮುರಿದುಕೊಳ್ಳುತ್ತದೆ. ಹೀಗೇ ಖರ್ಚು ಮಾಡಬೇಕೆಂಬ ಷರತ್ತಿಲ್ಲ, ವಾಪಸು ಕೊಡುವ ಮಾತೂ ಇಲ್ಲ.

2014ರಿಂದ 2017ರ ನಡುವೆ ಸಿಯಾಯಾದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಒಂದು ಮನೆಗೆ ಬಂದದ್ದು ಸುಮಾರು 1,000 ಡಾಲರ್. ಮೊದಲು 7,000 ಕೀನ್ಯಾ ಶಿಲಿಂಗ್, ಆಮೇಲೆ 40,000, ಮತ್ತೆ 40,000, ಕೆಲವು ತಿಂಗಳ ಅಂತರದಲ್ಲಿ. ಆಗಿನ ಲೆಕ್ಕದಲ್ಲಿ ನಮ್ಮ ಅರವತ್ತು ಸಾವಿರ ರೂಪಾಯಿಗೆ ಸ್ವಲ್ಪ ಹೆಚ್ಚು. ಅದು ಅಂಥ ಮನೆಯ ಒಂದು ವರ್ಷದ ಖರ್ಚಿನ ಮುಕ್ಕಾಲು ಪಾಲು. ಹೀಗೆ ಹಣ ಪಡೆದ ಮನೆಗಳು 10,500ಕ್ಕೂ ಹೆಚ್ಚು. ಪ್ರಯೋಗದ ವ್ಯಾಪ್ತಿಯಲ್ಲಿದ್ದದ್ದು 653 ಹಳ್ಳಿಗಳು, ಯಾವ ಹಳ್ಳಿಗೆ ಹಣ, ಯಾವುದಕ್ಕೆ ಇಲ್ಲ ಎಂಬುದನ್ನು ಲಾಟರಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಎರಡೂ ಬಗೆಯ ಹಳ್ಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹಣದಿಂದ ಆದ ವ್ಯತ್ಯಾಸವಷ್ಟೇ ಎದ್ದು ಕಾಣುತ್ತದೆ.

ಈಗ ಕುಡಿತದ ಮಾತು. ಅಲ್ಲಿಯೂ ಚಾಂಗಾ ಎಂಬ ಕಳ್ಳಭಟ್ಟಿ ಇದೆ, ಕುಡಿದು ಮನೆ ಹಾಳು ಮಾಡುವ ಗಂಡಸರೂ ಇದ್ದಾರೆ. ಆದರೆ ಸಿಯಾಯಾದ ರಾರಿಯೆಡಾದಲ್ಲಿ 2011ರಿಂದ 2013ರವರೆಗೆ ಮೊದಲ ಅಧ್ಯಯನ ನಡೆಸಿದ ಯೊಹಾನ್ನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪಿರೊ ಅವರಿಗೆ ಹೆಂಡ, ತಂಬಾಕಿನ ಖರ್ಚು ಹೆಚ್ಚಿದ್ದು ಕಾಣಲಿಲ್ಲ. (ಶಪಿರೊ ಗಿವ್‌ಡೈರೆಕ್ಟ್ಲಿಯ ಸ್ಥಾಪಕರಲ್ಲಿ ಒಬ್ಬರು, ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ನ್ಯಾಯ.) ಸಂಸ್ಥೆಗೆ ಸಂಬಂಧವಿಲ್ಲದ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಜಾಲಿಸಿ ಅದೇ ಮಾತು ಹೇಳಿದರು. ‘ಕುಡಿಯುತ್ತೀಯಾ ಎಂದು ಕೇಳಿದರೆ ಯಾವನು ಹೌದೆನ್ನುತ್ತಾನೆ?’ ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆಯೇ. ಆದರೆ ಉತ್ತರ ಬಾಯಿಮಾತಿನಲ್ಲಿ ಮಾತ್ರ ಇಲ್ಲ, ಮನೆಯ ನೆತ್ತಿಯ ಮೇಲೂ ಇದೆ. ಹಣ ಪಡೆಯದ ಮನೆಗಳಿಗೆ ಹೋಲಿಸಿದರೆ, ಹಣ ಪಡೆದ ನೂರು ಮನೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಗಳಿಗೆ ಹೊಸದಾಗಿ ತಗಡು ಬಂದಿತ್ತು. ದನ, ಕೋಳಿ, ಮಂಚ, ಹಾಸಿಗೆಗಳೂ ಹೆಚ್ಚಿದ್ದವು. ಎಣಿಸಿ ನೋಡಬಹುದಾದ ಸ್ವತ್ತು ಇವು. ಭಟ್ಟಿಗೆ ಸುರಿದ ಹಣ ತಗಡಾಗಿ ಏಳುವುದಿಲ್ಲ.

ಈ ತಗಡಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಗರದಲ್ಲಿ ಕುಳಿತವರು ‘ಅಯ್ಯೋ, ಬಂಡವಾಳ ಹಾಕುವ ಬದಲು ಮನೆ ಚಂದ ಮಾಡಿಕೊಂಡರಲ್ಲ’ ಎಂದು ಮೂಗು ಮುರಿಯುವುದನ್ನು ಕೇಳಿದ್ದೇನೆ. ಹುಲ್ಲಿನ ಮಾಡನ್ನು ವರ್ಷ ಎರಡು ವರ್ಷಕ್ಕೊಮ್ಮೆ ಹೊಸದಾಗಿ ಹೊದಿಸಬೇಕು. ಹುಲ್ಲು ಕೊಳ್ಳಬೇಕು, ಹೊದಿಸುವವನಿಗೆ ಕೂಲಿ ಕೊಡಬೇಕು. ಅಷ್ಟಾದರೂ ದೊಡ್ಡ ಮಳೆಯಲ್ಲಿ ರಾತ್ರಿ ಎದ್ದು ಸೋರುವ ಕಡೆ ಪಾತ್ರೆ ಇಡುವುದು, ಮಕ್ಕಳನ್ನು ಒಣಗಿದ ಮೂಲೆಗೆ ಎಳೆದು ಮಲಗಿಸುವುದು ತಪ್ಪುವುದಿಲ್ಲ. ಮಬಾಟಿ ಎಂದು ಅವರು ಕರೆಯುವ ತಗಡಿನ ಹಾಳೆ ಒಮ್ಮೆ ಹಾಕಿದರೆ ವರ್ಷಗಟ್ಟಲೆ ಮರೆತುಬಿಡಬಹುದು. ಅಂಚಿಗೆ ದೋಣಿ ಕಟ್ಟಿ ಡ್ರಮ್ಮಿಟ್ಟರೆ ಮಳೆನೀರು ಮನೆಬಾಗಿಲಲ್ಲೇ ಸಿಗುತ್ತದೆ, ಹೆಂಗಸರಿಗೆ ಕೊಡ ಹೊತ್ತು ತಿರುಗುವ ಹೊತ್ತು ಉಳಿಯುತ್ತದೆ. ಹುಲ್ಲಿಗೆ ಪ್ರತಿ ಸಲ ಹೋಗುತ್ತಿದ್ದ ಹಣವನ್ನು ಕೂಡಿಸಿ ನೋಡಿ, ತಗಡು ಅವರ ಕೈಗೆಟುಕುವ ಬಂಡವಾಳಗಳಲ್ಲಿ ಒಳ್ಳೆಯದೇ ಒಂದು. ಇಷ್ಟು ಲಾಭದ್ದಾದರೆ ಅವರು ಮೊದಲೇ ಯಾಕೆ ಹಾಕಿಸಿಕೊಂಡಿರಲಿಲ್ಲ? ಅಷ್ಟು ದುಡ್ಡು ಒಂದೇ ಸಲ ಕೈಯಲ್ಲಿ ಎಂದೂ ನಿಂತಿರಲಿಲ್ಲ. ಬಡತನವೆಂದರೆ ವರ್ಷದ ಒಟ್ಟು ಆದಾಯ ಕಡಿಮೆ ಎಂದಷ್ಟೇ ಅಲ್ಲ. ಬಂದದ್ದೆಲ್ಲ ಬಿಡಿಬಿಡಿಯಾಗಿ ಬಂದು ಬಿಡಿಬಿಡಿಯಾಗಿ ಕರಗುವುದೇ ಅದರ ದೊಡ್ಡ ಭಾಗ.

ನಿಮ್ಮ ಗೃಹಲಕ್ಷ್ಮಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆಗಸ್ಟ್ 2023ರಿಂದ ನಮ್ಮಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂಬ ಲೆಕ್ಕ. ರಾರಿಯೆಡಾದಲ್ಲಿ ಇಂತಿಷ್ಟು ಮನೆಗಳಿಗೆ ತಿಂಗಳು ತಿಂಗಳು, ಇನ್ನಷ್ಟು ಮನೆಗಳಿಗೆ ಒಟ್ಟಿಗೆ ಎಂದು ಬೇಕೆಂದೇ ಬೇರೆ ಬೇರೆಯಾಗಿ ಕೊಟ್ಟು ನೋಡಿದ್ದರು. ತಿಂಗಳಿಗೆ ಬಂದದ್ದು ಹೊಟ್ಟೆಗೆ ಹೋಯಿತು, ಊಟ ಬಿಡುವ ದಿನಗಳು ಕಡಿಮೆಯಾದವು. ಒಟ್ಟಿಗೆ ಬಂದದ್ದು ತಗಡು, ದನ, ಪೀಠೋಪಕರಣವಾಯಿತು. ಒಂದು ಸರಿ, ಇನ್ನೊಂದು ತಪ್ಪು ಎಂದಲ್ಲ, ಎರಡರ ಕೆಲಸವೇ ಬೇರೆ. ಗೃಹಲಕ್ಷ್ಮಿಯಿಂದ ಮನೆ ಕಟ್ಟಲಿಲ್ಲ, ಉದ್ಯಮ ಹುಟ್ಟಲಿಲ್ಲ ಎಂದು ದೂರುವವರು ತಿಂಗಳ ಹಣದಿಂದ ಇಡಿಗಂಟಿನ ಕೆಲಸ ಕೇಳುತ್ತಿದ್ದಾರೆ.

ಇದಕ್ಕೊಂದು ಸ್ವಾರಸ್ಯದ ಉಪಕಥೆ ಇದೆ. ಕೀನ್ಯಾದ 295 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿದೆ, ಅಭಿಜಿತ್ ಬ್ಯಾನರ್ಜಿ, ತವ್ನೀತ್ ಸೂರಿ ಮುಂತಾದವರು ಅದರ ಹಿಂದಿದ್ದಾರೆ. ಕೆಲವು ಹಳ್ಳಿಗಳ ಎಲ್ಲ ವಯಸ್ಕರಿಗೂ ತಿಂಗಳಿಗೆ ಸುಮಾರು 22 ಡಾಲರ್, ಹನ್ನೆರಡು ವರ್ಷ ಕೊಡುತ್ತೇವೆಂಬ ಭರವಸೆ. ಕೆಲವು ಹಳ್ಳಿಗಳಿಗೆ ಅದೇ ಮೊತ್ತ ಎರಡೇ ವರ್ಷ. ಇನ್ನು ಕೆಲವಕ್ಕೆ ಸುಮಾರು 500 ಡಾಲರ್ ಒಂದೇ ಸಲ. ಇಡಿಗಂಟು ಪಡೆದವರು ಎರಡು ವರ್ಷದವರಿಗಿಂತ ಹೆಚ್ಚು ಅಂಗಡಿ, ವ್ಯಾಪಾರ ಶುರುಮಾಡಿದರು, ಇದು ನಿರೀಕ್ಷೆಯಂತೆಯೇ. ಆದರೆ ಹನ್ನೆರಡು ವರ್ಷದ ಭರವಸೆ ಸಿಕ್ಕವರೂ ಇಡಿಗಂಟಿನವರ ಸಮಕ್ಕೆ ಬಂದರು. ಹೇಗೆ? ಚೀಟಿ ಹಾಕಿ! ಚಾಮಾ ಎಂದು ಕರೆಯುವ ಗುಂಪು ಅಲ್ಲಿ ಊರೂರಿಗೂ ಇದೆ. ಹತ್ತು ಹನ್ನೆರಡು ಜನ ಸೇರಿ ತಿಂಗಳಿಗಿಷ್ಟು ಹಾಕುವುದು, ಸರದಿಯ ಪ್ರಕಾರ ಒಬ್ಬರು ಇಡೀ ಗಂಟು ಎತ್ತುವುದು. ನಮ್ಮ ಹಳ್ಳಿಯ ಯಾವ ಹೆಂಗಸಿಗೂ ಇದನ್ನು ವಿವರಿಸಬೇಕಾಗಿಲ್ಲ. ಹಣ ಬಂದೇ ಬರುತ್ತದೆಂಬ ನಂಬಿಕೆ ಗಟ್ಟಿಯಿದ್ದರೆ, ಬಿಡಿ ಹಣವನ್ನು ಇಡಿಯಾಗಿ ಮಾಡಿಕೊಳ್ಳುವ ಉಪಾಯ ಜನರಿಗೇ ಗೊತ್ತು. ಗೃಹಲಕ್ಷ್ಮಿಯ ಕಂತು ಎರಡು ತಿಂಗಳು ತಡವಾದಾಗ ಹಾಳಾಗುವುದು ಆ ನಂಬಿಕೆ. ನಾಲ್ಕು ಸಾವಿರ ಆಮೇಲೆ ಒಟ್ಟಿಗೆ ಬಂದರೂ ಚೀಟಿ ತಪ್ಪಿದ್ದು ತಪ್ಪಿದ್ದೇ. ಹಣ ಬಂತೆಂದು ಜನ ದುಡಿಯುವುದನ್ನು ಬಿಟ್ಟರೇ ಎಂಬ ಪ್ರಶ್ನೆಗೂ ಅಲ್ಲಿ ಉತ್ತರವಿದೆ: ಬಿಡಲಿಲ್ಲ. ಕೂಲಿ ಸ್ವಲ್ಪ ಕಡಿಮೆಯಾಗಿ ಸ್ವಂತ ವ್ಯಾಪಾರ ಹೆಚ್ಚಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ ಬಂದದ್ದು 2025ರಲ್ಲಿ. ಆ 653 ಹಳ್ಳಿಗಳ ಹೆರಿಗೆಗಳ ಲೆಕ್ಕವನ್ನು ಸಂಶೋಧಕರು ಮತ್ತೆ ಹೋಗಿ ಕಲೆಹಾಕಿದರು. ಹಣ ಬಂದ ಸುಮಾರಿನಲ್ಲಿ ಹುಟ್ಟಿದ ಕೂಸುಗಳಲ್ಲಿ, ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವುಗಳ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಸಾವಿರಕ್ಕೆ ನಲವತ್ತರ ಆಸುಪಾಸಿನಲ್ಲಿದ್ದದ್ದು ಇಪ್ಪತ್ತೊಂದರ ಆಸುಪಾಸಿಗೆ. ಲಸಿಕೆಯಂಥ ಕೆಲವನ್ನು ಬಿಟ್ಟರೆ ಇಂಥ ಇಳಿಕೆ ಅಪರೂಪ, ಅದೂ ‘ಇದನ್ನು ಆರೋಗ್ಯಕ್ಕೆ ಬಳಸಿ’ ಎಂದು ಒಂದು ಮಾತೂ ಹೇಳದ ಹಣದಿಂದ.

ಇದು ನಡೆದ ಬಗೆ ನೋಡಿ. ಆ ಹಳ್ಳಿಗಳಲ್ಲಿ ತುಂಬು ಬಸುರಿಯೂ ಹೊಲದಲ್ಲಿ ಗುದ್ದಲಿ ಹಿಡಿಯುತ್ತಾಳೆ, ನೀರು ಹೊರುತ್ತಾಳೆ, ಕೂಲಿಗೂ ಹೋಗುತ್ತಾಳೆ. ಹೆತ್ತ ಮೇಲೂ ಬಾಣಂತನವೆಂದು ಮಲಗುವ ಅನುಕೂಲ ಎಲ್ಲರಿಗೂ ಇಲ್ಲ. ಅವಳು ಹೊಲಕ್ಕೆ ಇಳಿಯದಿದ್ದರೆ ಜೋಳವಿಲ್ಲ. ಹಣ ಬಂದ ಮನೆಗಳಲ್ಲಿ ಬಸಿರಿನ ಕೊನೆಯ ಮೂರು ತಿಂಗಳು ಮತ್ತು ಹೆರಿಗೆಯಾದ ಮೊದಲ ಕೆಲವು ತಿಂಗಳು ಹೆಂಗಸರ ದುಡಿತ ಸುಮಾರು ಅರ್ಧಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ಆಗುವ ಹೆರಿಗೆಗಳು ಬಹಳ ಹೆಚ್ಚಿದವು. ಕೀನ್ಯಾದ ಸರ್ಕಾರಿ ಆಸ್ಪತ್ರೆಗಳಲ್ಲಿ 2013ರಲ್ಲೇ ಹೆರಿಗೆಯ ಶುಲ್ಕ ತೆಗೆದುಹಾಕಿದ್ದರು. ಆದರೆ ನಡುರಾತ್ರಿ ನೋವು ಕಾಣಿಸಿಕೊಂಡರೆ ಬೋಡಾ ಬೋಡಾ ಎಂಬ ಬಾಡಿಗೆ ಬೈಕಿನವನನ್ನು ಎಬ್ಬಿಸಿ ಕರೆಯಬೇಕು, ಅವನಿಗೆ ಬಾಡಿಗೆ ಕೊಡಬೇಕು, ಜೊತೆಗೆ ಹೋದವರ ಊಟ ನೋಡಿಕೊಳ್ಳಬೇಕು. ಪುಕ್ಕಟೆ ಹೆರಿಗೆಗೂ ಕೈಯಲ್ಲಿ ಕಾಸು ಬೇಕು. ಮನೆಯಲ್ಲಿ ಊಟ ಹೆಚ್ಚಿತು, ಬಸುರಿಗೂ ಅದರ ಪಾಲು ಸಿಕ್ಕಿತು.

ಆದರೆ ಇಲ್ಲಿಯೇ ಮಗನ ಉತ್ಸಾಹಕ್ಕೆ ಹಾಕಬೇಕಾದ ಮೊದಲ ಕಡಿವಾಣವೂ ಇದೆ. ಕೂಸುಗಳು ಹೆಚ್ಚು ಉಳಿದದ್ದು ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದ ಹಳ್ಳಿಗಳಲ್ಲಿ. ಹಣ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳಿಗೆ ಅದೇ ರಕ್ಷಣೆ ಸಿಗಲಿಲ್ಲ. ಹಣ ದಾರಿ ಖರ್ಚಾದೀತು, ವೈದ್ಯನಾಗಲಾರದು.

ಮನೆಯೊಳಗಿನ ಇನ್ನೊಂದು ಸಂಗತಿ. ಹಣ ಹೆಂಡತಿಯ ಕೈಗೋ ಗಂಡನ ಕೈಗೋ ಎಂಬುದನ್ನೂ ರಾರಿಯೆಡಾದಲ್ಲಿ ಲಾಟರಿಯಿಂದ ನಿರ್ಧರಿಸಿದ್ದರು. ಖರ್ಚಿನ ರೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಇದು ನನಗೂ ಅನಿರೀಕ್ಷಿತ. ಹೆಂಗಸಿನ ಕೈಗೆ ಕೊಟ್ಟರೆ ಮಾತ್ರ ಮಕ್ಕಳ ಹೊಟ್ಟೆಗೆ ಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವಲ್ಲ. ಆದರೆ ಹೊಡೆತ ಬಡಿತದ ವಿಷಯ ಬೇರೆ. ಯಾರ ಕೈಗೆ ಬಂದರೂ ಗಂಡ ಹೆಂಡತಿಯನ್ನು ಹೊಡೆಯುವುದು ಕಡಿಮೆಯಾಯಿತು. ಲೈಂಗಿಕ ದೌರ್ಜನ್ಯ ಮಾತ್ರ ಹೆಂಡತಿಯ ಕೈಗೆ ಬಂದಾಗಲಷ್ಟೇ ಇಳಿಯಿತು. ಯಜಮಾನಿಯ ಹೆಸರಿಗೇ ಹಣ ಹಾಕಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು ಎಂದು ನನ್ನ ಅಭಿಪ್ರಾಯ.

ಮೇಷ್ಟರಾದ ನಿಮಗೆ ನಿರಾಸೆಯಾಗುವ ಮಾತನ್ನೂ ಹೇಳಿಬಿಡುತ್ತೇನೆ: ಶಾಲೆಯ ವಿಷಯದಲ್ಲಿ ಆ ಮೊದಲ ಅಧ್ಯಯನಕ್ಕೆ ಹೆಚ್ಚೇನೂ ಸಿಗಲಿಲ್ಲ.

ಇನ್ನು ಹಣ ಪಡೆದ ಮನೆಯಿಂದ ಆಚೆಗೆ ಬರೋಣ. ಊರಿಗೆ ಊರೇ ದುಡ್ಡು ಸುರಿದರೆ ಬೆಲೆ ಏರಿ, ಹಣ ಸಿಗದವರು ಸಾಯುತ್ತಾರೆ ಎಂಬ ಭಯ ಅರ್ಥಶಾಸ್ತ್ರ ಬಲ್ಲವರಿಗೇ ಹೆಚ್ಚು. ಸಿಯಾಯಾದ ಪ್ರಯೋಗದಲ್ಲಿ ಬಂದ ಹಣ ಆ ಹಳ್ಳಿಗಳ ಒಂದು ವರ್ಷದ ಉತ್ಪತ್ತಿಯ ಶೇ 15ರಷ್ಟಿತ್ತು. ಆದರೂ ಬೆಲೆ ಏರಿದ್ದು ಸರಾಸರಿ ಶೇ 0.1 ಮಾತ್ರ. ಹಣ ಸಿಗದ ನೆರೆಮನೆಗಳ ಖರ್ಚೂ ಹೆಚ್ಚಿತು, ಅಂದರೆ ಅವರ ಸಂಪಾದನೆಯೂ ಹೆಚ್ಚಿತು. ಬಂದ ಒಂದೊಂದು ಡಾಲರು ಊರೊಳಗೆ ಕೈಯಿಂದ ಕೈಗೆ ಹೋಗಿ ಸುಮಾರು ಎರಡೂವರೆ ಡಾಲರಿನ ವಹಿವಾಟಾಯಿತು ಎಂದು 2022ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ.

ಬೆಲೆ ಯಾಕೆ ಏರಲಿಲ್ಲ? ಹಳ್ಳಿಯ ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಯಂತ್ರ ಇದೆ, ನಡೆಸುವವನಿದ್ದಾನೆ, ಆದರೆ ದಿನದ ಹೆಚ್ಚಿನ ಹೊತ್ತು ಅವನು ಬಾಗಿಲಲ್ಲಿ ಕುಳಿತು ದಾರಿ ನೋಡುತ್ತಿರುತ್ತಾನೆ. ಗಿರಾಕಿ ದುಪ್ಪಟ್ಟಾದರೆ ಅವನು ದರ ಏರಿಸುವುದಿಲ್ಲ, ಕುಳಿತಿದ್ದವನು ಎದ್ದು ಇನ್ನೊಂದು ಚೀಲ ಸುರಿಯುತ್ತಾನೆ. ಕಿರಾಣಿ ಅಂಗಡಿಯವನು, ದರ್ಜಿ, ಬಡಗಿ, ಬೆಸುಗೆಯವನು ಎಲ್ಲರ ಸ್ಥಿತಿಯೂ ಇದೇ. ಬಡ ಊರುಗಳಲ್ಲಿ ಕೈಗಳು, ಯಂತ್ರಗಳು ಖಾಲಿ ಕುಳಿತಿರುತ್ತವೆ, ಕೊಳ್ಳುವವರ ಜೇಬಿನಲ್ಲಿ ಕಾಸು ಇರುವುದಿಲ್ಲ. ಹುಲ್ಲಿನ ಮನೆಯವನು ತಗಡು ಹಾಕಿಸಿದಾಗ ಬಡಗಿಗೆ ಕೂಲಿ, ಬಡಗಿಯ ಮನೆಗೆ ಒಮೆನಾ ಮೀನು, ಮೀನು ಮಾರುವವಳ ಮಗಳಿಗೆ ಸಮವಸ್ತ್ರ. ರಸ್ತೆ ಸರಿಯಿಲ್ಲದ, ಹೊರಗಿನಿಂದ ಸಾಮಾನು ತರುವುದು ಕಷ್ಟವಾದ ಊರುಗಳಲ್ಲೂ ಹೀಗೇ ಆಗುತ್ತದೆಂದು ನಾನು ಆಣೆ ಮಾಡಿ ಹೇಳಲಾರೆ; ಸಿಯಾಯಾದಲ್ಲಿ ಸಂತೆಗಳು ಹತ್ತಿರ ಹತ್ತಿರ ಇವೆ.

ಹೊಟ್ಟೆಕಿಚ್ಚು ಇಲ್ಲವೇ? ಇದೆ. ರಾರಿಯೆಡಾದಲ್ಲಿ ಒಂದೇ ಊರಿನ ಅರ್ಹರಲ್ಲೇ ಕೆಲವರಿಗೆ ಕೊಟ್ಟು ಕೆಲವರಿಗೆ ಬಿಟ್ಟಿದ್ದರು. ನೆರೆಯವನ ಮನೆಗೆ ತಗಡು ಬಂದಾಗ ಸಿಗದವರ ಮನಸ್ಸಿನ ನೆಮ್ಮದಿ ಕೆಳಗಿಳಿದದ್ದು ಅಧ್ಯಯನದಲ್ಲೇ ದಾಖಲಾಗಿದೆ. ಹಂಚಿದರೆ ಊರಿನ ಅರ್ಹರಿಗೆಲ್ಲ ಹಂಚಬೇಕೆಂಬುದು ಅದರಿಂದ ಸಿಗುವ ಪಾಠ. ಹುಲ್ಲಿನ ಮಾಡಿನ ಅಳತೆಗೋಲಿನ ಕಥೆಯೂ ಇಷ್ಟೆ: ಸುದ್ದಿ ಹರಡಿದ ಮೇಲೆ, ತಗಡಿನ ಮನೆಯವರು ಪಕ್ಕದ ಹುಲ್ಲಿನ ಅಡುಗೆಮನೆಗೆ ಹಾಸಿಗೆ ಸಾಗಿಸಿ ‘ನಾವು ಇಲ್ಲೇ ಇರುವುದು’ ಎನ್ನಲು ಅಡ್ಡಿಯೇನು? ಅದಕ್ಕೇ ಬೇರೆ ಬೇರೆ ಜನರನ್ನು ಕಳಿಸಿ ಎರಡು ಮೂರು ಸಲ ಪರೀಕ್ಷಿಸಬೇಕಾಗುತ್ತದೆ.

ಇದಕ್ಕಿಂತ ವಿಚಿತ್ರ ನಡೆದದ್ದು ಪಕ್ಕದ ಹೋಮಾ ಬೇ ಕೌಂಟಿಯಲ್ಲಿ, 2015ರ ಸುಮಾರಿಗೆ. ಅಲ್ಲಿ ಅರ್ಹರಲ್ಲಿ ಶೇ 45ರವರೆಗೆ ಹಣವೇ ಬೇಡ ಎಂದರು! ದುಡಿಯದೆ, ಕೇಳದೆ ಯಾರು ಇಷ್ಟು ದುಡ್ಡು ಕೊಡುತ್ತಾರೆ? ಇದು ಸೈತಾನನ ಪೂಜೆ ಮಾಡುವವರ ಹಣ ಎಂಬ ಪುಕಾರು ಹಬ್ಬಿತ್ತು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಮತ ಕೇಳುವವರು, ಬಡ್ಡಿಗೆ ಕೊಡುವವರು, ಭೂಮಿ ಹೊಡೆಯುವವರು ಎಲ್ಲರೂ ಮೊದಲು ನಗುನಗುತ್ತಾ ಏನನ್ನಾದರೂ ಕೊಟ್ಟೇ ಬಂದಿರುತ್ತಾರೆ.

ಎರಡನೆಯ ಕಡಿವಾಣ ಕಾಲದ್ದು. ಮೂರು ವರ್ಷದ ನಂತರ ರಾರಿಯೆಡಾಗೆ ಹೋಗಿ ನೋಡಿದಾಗ, ಹಣ ಪಡೆದವರ ಸ್ವತ್ತು ದೂರದ ಹಳ್ಳಿಗಳ ಅಂಥದ್ದೇ ಮನೆಗಳಿಗಿಂತ ಹೆಚ್ಚಾಗಿಯೇ ಇತ್ತು, ಆದರೆ ದಿನನಿತ್ಯದ ಖರ್ಚಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಉತ್ತರ ಉಗಾಂಡಾದಲ್ಲಿ ಸರ್ಕಾರ ಯುವಕರ ಗುಂಪುಗಳಿಗೆ ಕಸುಬು ಹಿಡಿಯಲೆಂದು ತಲಾ 400 ಡಾಲರಿನಷ್ಟು ಕೊಟ್ಟಿತ್ತು. ನಾಲ್ಕು ವರ್ಷಕ್ಕೆ ಅವರ ಸಂಪಾದನೆ ಉಳಿದವರಿಗಿಂತ ಶೇ 38 ಹೆಚ್ಚು. ಒಂಬತ್ತು ವರ್ಷಕ್ಕೆ ಉಳಿದವರೂ ಅವರ ಸಮಕ್ಕೆ ಬಂದಿದ್ದರು. ನಾನು ಇದನ್ನು ಸೋಲೆನ್ನುವುದಿಲ್ಲ, ಅಷ್ಟು ವರ್ಷ ಮೊದಲೇ ಮೇಲೆ ಬಂದದ್ದು ಕಡಿಮೆ ಮಾತಲ್ಲ. ಆದರೆ ಒಂದು ಗಂಟು ಹಣದಿಂದ ವಂಶದ ಬಡತನವೇ ಹರಿದುಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಮ್ಮ ಹಸುವಿನ ಸಲಹೆಗೆ ಬರುತ್ತೇನೆ. ಹಸು ಬೇಕೆಂದವರು ಹಣದಿಂದ ಹಸುವನ್ನೇ ಕೊಳ್ಳುತ್ತಾರೆ, ಕೊಂಡಿದ್ದಾರೆ. ಬೇಡದವರಿಗೆ ಕಟ್ಟಿಕೊಟ್ಟರೆ ಮೇವಿಲ್ಲದೆ ಮಾರುತ್ತಾರೆ. ಘಾನಾದಲ್ಲಿ ಕೆಲವರಿಗೆ ಬರೀ ಆಡುಗಳನ್ನು ಕೊಟ್ಟು ನೋಡಿದರು, ಬದುಕಿನಲ್ಲಿ ಉಳಿಯುವಂಥ ಬದಲಾವಣೆ ಕಾಣಲಿಲ್ಲ. ಆಡಿನ ಜೊತೆಗೆ ತರಬೇತಿ, ಉಳಿತಾಯ, ಕೆಲವು ತಿಂಗಳ ಊಟದ ಖರ್ಚು, ಮನೆಗೇ ಬಂದು ವಿಚಾರಿಸುವ ಕಾರ್ಯಕರ್ತರು ಎಲ್ಲ ಸೇರಿದಾಗ ಕೆಲಸವಾಯಿತು. ಅದು ಒಳ್ಳೆಯ ದಾರಿ, ಖರ್ಚಿನ ದಾರಿ. ರುವಾಂಡಾದಲ್ಲಿ ಮನೆಗೆ ಸುಮಾರು 140 ಡಾಲರ್ ತಗುಲುವ ಪೌಷ್ಟಿಕತೆಯ ಕಾರ್ಯಕ್ರಮವೊಂದನ್ನು ನಗದಿನ ಎದುರು ನಿಲ್ಲಿಸಿ ನೋಡಿದರು. ಆ ಕಾರ್ಯಕ್ರಮದಿಂದಲೂ ಅಷ್ಟೇ ಮೊತ್ತದ ನಗದಿನಿಂದಲೂ ಮಕ್ಕಳ ಪೋಷಣೆ ಹೆಚ್ಚು ಸುಧಾರಿಸಲಿಲ್ಲ. 500 ಡಾಲರ್ ದಾಟಿದ ನಗದು ಕೊಟ್ಟಾಗ ಮಾತ್ರ ಊಟ, ಮಕ್ಕಳ ಬೆಳವಣಿಗೆ ಎರಡೂ ಉತ್ತಮವಾದವು. ಹಸುವೋ ಹಣವೋ ಎಂಬುದಕ್ಕಿಂತ ಎಷ್ಟು ಎಂಬುದೇ ಹೆಚ್ಚು ಮುಖ್ಯವಾಗುತ್ತದೆ.

ಹಾಗಾಗಿ ಜಗಳ ಬಿಟ್ಟು ಮಗನಿಗೆ ಕೆಲವು ಪ್ರಶ್ನೆ ಕೇಳಿ. ಒಂದು ಮನೆಗೆ ಎಷ್ಟು ಕೊಡುತ್ತಾರೆ, ಒಟ್ಟಿಗೋ ಬಿಡಿಯಾಗಿಯೋ? ಊರಿನ ಅರ್ಹರಿಗೆಲ್ಲವೋ, ಆಯ್ದ ಕೆಲವರಿಗೋ? ಹಣ ಹೋಗುವ ಸಿಮ್ ಕಾರ್ಡನ್ನು ಯಾರು ನೋಂದಾಯಿಸುತ್ತಾರೆ? ಇದು ಸಣ್ಣ ಪ್ರಶ್ನೆಯಲ್ಲ. ಕಾಂಗೋದ ದಕ್ಷಿಣ ಕಿವು ಪ್ರಾಂತ್ಯದಲ್ಲಿ ಗಿವ್‌ಡೈರೆಕ್ಟ್ಲಿಯ ಒಳಗಿನವರೇ ಸೇರಿ ಬಡವರ ಹೆಸರಿನ ಸುಮಾರು 9 ಲಕ್ಷ ಡಾಲರ್ ಲಪಟಾಯಿಸಿದ್ದನ್ನು ಸಂಸ್ಥೆಯೇ 2023ರಲ್ಲಿ ಬಹಿರಂಗಪಡಿಸಿತು, ಸಿಮ್ ಕಾರ್ಡುಗಳು ಅವರ ಕೈಯಲ್ಲಿದ್ದದ್ದೇ ದಾರಿಯಾಗಿತ್ತು. ಕೊನೆಗೆ, ವೈದ್ಯರಿರುವ ಆಸ್ಪತ್ರೆ ಆ ಹಳ್ಳಿಗಳಿಂದ ಎಷ್ಟು ದೂರ ಎಂದು ಕೇಳಿ. ತೀರಾ ದೂರವಿದ್ದರೆ, ‘ಕಟ್ಟಿಸಲಿ’ ಎಂದು ನೀವು ಹಟ ಹಿಡಿಯುವುದರಲ್ಲಿ ತಪ್ಪಿಲ್ಲ, ಶಾಲೆಯ ಜಾಗದಲ್ಲಿ ಆಸ್ಪತ್ರೆ ಎಂದು ಬದಲಿಸಿಕೊಂಡರಾಯಿತು.